ಎರಡು ಚಮಚ ನೀರು: ಹಸುಗೂಸಿನ ಕಿಡ್ನಿ ಅರ್ಥವಾದ ಕಥೆ

(ಇದು ನಮ್ಮ ಇತಿಹಾಸ ಪಾಡ್‌ಕಾಸ್ಟ್‌ನ ಸಂಚಿಕೆಯ ಬರಹ ರೂಪ. ಕೇಳೋಕೆ ಆಗದವರು ಓದಬಹುದು, ಓದೋಕೆ ಬೇಜಾರಾದವರು ಕೇಳಬಹುದು.)



ಇವತ್ತು ಒಂದು ಸಣ್ಣ ಜಗಳದಿಂದ ಶುರು ಮಾಡೋಣ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಏಪ್ರಿಲ್ ತಿಂಗಳಲ್ಲಿ ಯಾವ ಬಾಣಂತಿ ಮನೆಗೆ ಹೋದರೂ ಈ ಜಗಳ ಕಿವಿಗೆ ಬೀಳುತ್ತೆ. ತೊಟ್ಟಿಲಲ್ಲಿ ಹತ್ತು ದಿನದ ಕೂಸು. ಹೊರಗೆ ಬಿಸಿಲು. ಅಜ್ಜಿ ಅಂತಾಳೆ, "ಕೂಸಿನ ತುಟಿ ಒಣಗ್ಯಾವ ನೋಡವಾ. ಎರಡು ಚಮಚ ನೀರು ಹಾಕಿದ್ರ ಏನಾಕೈತಿ?" ಮನೆಗೆ ಬಂದ ಆಶಾ ಕಾರ್ಯಕರ್ತೆ ಅಂತಾರೆ, "ಬ್ಯಾಡ್ರಿ ಆಯಿ, ಆರು ತಿಂಗಳ ತನಕ ಎದಿಹಾಲ ಸಾಕ್ರಿ." ಅಜ್ಜಿ ಬಿಡೋದಿಲ್ಲ. "ನಾವೇನು ಮಕ್ಕಳನ್ನ ಬೆಳಿಸಿಲ್ಲೇನು? ನಮಗೆ ನೀರಡಿಕಿ ಆಗತೈತಿ, ಅದಕ್ಕ ಆಗಂಗಿಲ್ಲೇನು?"

ಅಜ್ಜಿಯ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ. ಜಗತ್ತಿನ ದೊಡ್ಡ ದೊಡ್ಡ ಡಾಕ್ಟರುಗಳೂ ಇದಕ್ಕೆ ಸರಿಯಾದ ಉತ್ತರ ಹುಡುಕೋಕೆ ಅರ್ಧ ಶತಮಾನ ತೆಗೆದುಕೊಂಡರು. ಆ ಉತ್ತರ ಇರೋದು ಕೂಸಿನ ಬೆನ್ನ ಕಡೆ, ಸೊಂಟದ ಮೇಲೆ, ಎರಡು ಪುಟ್ಟ ಅಂಗಗಳಲ್ಲಿ. ಪುಸ್ತಕದಲ್ಲಿ ಮೂತ್ರಪಿಂಡ ಅಂತೀವಿ, ಮಾತಲ್ಲಿ ಕಿಡ್ನಿ. ಹಸುಗೂಸಿನ ಕಿಡ್ನಿ ಅಂದರೆ ದೊಡ್ಡವರ ಕಿಡ್ನಿಯ ಸಣ್ಣ ಸೈಜ್ ಅಲ್ಲ. ಅದರ ಕೆಲಸದ ರೀತಿಯೇ ಬೇರೆ. ಆ ತಿಳುವಳಿಕೆ ಬರೋದಕ್ಕೆ ಮುಂಚೆ ಎಷ್ಟೋ ತಪ್ಪುಗಳಾದವು, ಕೂಸುಗಳ ಜೀವವೂ ಹೋಯಿತು. ಆ ಕಥೆ ಇವತ್ತಿನದು.

ಹೊಟ್ಟೆಯೊಳಗೆ ಕಿಡ್ನಿಗೆ ಏನು ಕೆಲಸ?

ಗರ್ಭದಲ್ಲಿರೋ ಕೂಸಿನ ರಕ್ತವನ್ನ ಶುದ್ಧ ಮಾಡೋದು ಕೂಸಿನ ಕಿಡ್ನಿ ಅಲ್ಲ. ಆ ಕೆಲಸ ಮಾಡೋದು ಮಾಸು, ಅಂದರೆ ಪ್ಲಾಸೆಂಟಾ. ಕೂಸಿನ ಮೈಯ ಕಸ ಮಾಸಿನ ಮೂಲಕ ತಾಯಿ ರಕ್ತಕ್ಕೆ ಹೋಗುತ್ತೆ, ತಾಯಿಯ ಕಿಡ್ನಿ ಅದನ್ನ ಹೊರಗೆ ಹಾಕುತ್ತೆ. ಒಂಬತ್ತು ತಿಂಗಳು ತಾಯಿಯ ಕಿಡ್ನಿ ಇಬ್ಬರ ಕೆಲಸ ಮಾಡುತ್ತೆ.

ಹಾಗಾದರೆ ಕೂಸಿನ ಕಿಡ್ನಿ ಸುಮ್ಮನೆ ಕೂತಿರುತ್ತಾ? ಇಲ್ಲ. ಅದು ಮೂತ್ರ ಮಾಡ್ತಾನೇ ಇರುತ್ತೆ. ಕೂಸು ತೇಲಾಡೋ ನೆತ್ತಿನೀರು ಇದೆಯಲ್ಲ, ಗರ್ಭದ ಎರಡನೇ ಅರ್ಧದಲ್ಲಿ ಅದರ ಬಹುಪಾಲು ಕೂಸಿನ ಮೂತ್ರವೇ. ಕೂಸು ಅದನ್ನೇ ನುಂಗುತ್ತೆ, ಅದನ್ನೇ ಉಸಿರಾಟದ ಹಾಗೆ ಒಳಗೆ ಹೊರಗೆ ಎಳೆದುಕೊಳ್ಳುತ್ತೆ. ಆ ನೀರು ಇದ್ದರೇನೇ ಶ್ವಾಸಕೋಶ ಅರಳಿ ಬೆಳೆಯೋದು.

ಇದು ಜಗತ್ತಿಗೆ ಸ್ಪಷ್ಟವಾಗಿ ಗೊತ್ತಾಗಿದ್ದು ಒಂದು ದುಃಖದ ದಾರಿಯಲ್ಲಿ. 1946ರಲ್ಲಿ ಅಮೆರಿಕದ ಷಿಕಾಗೋದ ಎಡಿತ್ ಪಾಟರ್ ಅನ್ನೋ ವೈದ್ಯೆ, ಎರಡೂ ಕಿಡ್ನಿ ಇಲ್ಲದೆ ಹುಟ್ಟಿದ ಕೂಸುಗಳ ಬಗ್ಗೆ ಬರೆದರು. ಆ ಕೂಸುಗಳು ಒಂಬತ್ತು ತಿಂಗಳು ಗರ್ಭದಲ್ಲಿ ಬದುಕಿದ್ದವು, ಯಾಕಂದರೆ ಮಾಸು ಕೆಲಸ ಮಾಡುತ್ತಿತ್ತು. ಆದರೆ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಉಸಿರು ಸಾಲದೆ ಹೋಗಿಬಿಡುತ್ತಿದ್ದವು. ನೆತ್ತಿನೀರು ಇಲ್ಲದೆ ಶ್ವಾಸಕೋಶ ಬೆಳೆದೇ ಇರಲಿಲ್ಲ. ಗರ್ಭದಲ್ಲಿ ಕಿಡ್ನಿಯ ಮುಖ್ಯ ಕೆಲಸ ರಕ್ತ ಸೋಸೋದಲ್ಲ, ನೀರು ಮಾಡೋದು.

ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ. ಕಿಡ್ನಿಯೊಳಗೆ ಸೋಸೋ ಸಣ್ಣ ಘಟಕಕ್ಕೆ ನೆಫ್ರಾನ್ ಅಂತಾರೆ. ಒಂದು ಕಿಡ್ನಿಯಲ್ಲಿ ಸರಾಸರಿ 10 ಲಕ್ಷ ಇರುತ್ತವೆ. ಒಬ್ಬೊಬ್ಬರಲ್ಲಿ ಒಂದೊಂದು ಲೆಕ್ಕ, ಕೆಲವರಲ್ಲಿ ಅದರ ಕಾಲುಭಾಗ, ಕೆಲವರಲ್ಲಿ ಎರಡರಷ್ಟು. ಗರ್ಭದ 36ನೇ ವಾರದ ಹೊತ್ತಿಗೆ ಇವೆಲ್ಲ ತಯಾರಾಗಿ ಮುಗಿದಿರುತ್ತವೆ. ಆಮೇಲೆ ಜೀವಮಾನದಲ್ಲಿ ಹೊಸದು ಒಂದೂ ಹುಟ್ಟಲ್ಲ.

ಮೊದಲ ಮೂರು ದಿನದ ಬುತ್ತಿ

ಮಾಸು ಕಡಿದು ಬಿದ್ದ ಕ್ಷಣದಿಂದ ಕೂಸು ತನ್ನ ಕಸವನ್ನ ತಾನೇ ಹೊರಹಾಕಬೇಕು. ತಾಯಿಗೆ ಹಾಲು ಧಾರಾಳವಾಗಿ ಇಳಿಯೋಕೆ ಮೂರ್ನಾಲ್ಕು ದಿನ ಬೇಕು. ಈ ನಡುವಿನ ದಿನಗಳಲ್ಲಿ ಕೂಸಿಗೆ ಏನು ಕೊಡಬೇಕು? ಇದು ಬಹಳ ಹಳೇ ಪ್ರಶ್ನೆ.

ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಇದಕ್ಕೆ ಉತ್ತರ ಇದೆ. ಹಾಲು ಇಳಿಯೋದು ಮೂರು ನಾಲ್ಕು ರಾತ್ರಿ ಕಳೆದ ಮೇಲೆ, ಅಲ್ಲಿಯವರೆಗೆ ಜೇನು, ತುಪ್ಪ ನೆಕ್ಕಿಸಿ ಅನ್ನೋ ಅರ್ಥದ ಮಾತು ಅಲ್ಲಿ ಬರುತ್ತೆ. ನಮ್ಮ ಕಡೆಯ ಮನೆಗಳಲ್ಲಿ ಸಕ್ಕರೆ ನೀರು, ಜೇನುತುಪ್ಪ, ಬಜೆ ತೇಯ್ದು ಹಾಕೋ ಗುಟ್ಟಿ, ಇವೆಲ್ಲ ಇದೇ ಖಾಲಿ ಜಾಗ ತುಂಬೋಕೆ ಬಂದ ಪದ್ಧತಿಗಳು. ಮೊದಲು ಬರೋ ಹಳದಿ ಹಾಲನ್ನ "ಕೆಟ್ಟ ಹಾಲು" ಅಂತ ಹಿಂಡಿ ಚೆಲ್ಲೋ ಮನೆಗಳೂ ಇದ್ದವು.

ಆದರೆ ಆ ಜಾಗ ನಿಜವಾಗಿ ಖಾಲಿ ಇರಲಿಲ್ಲ. ದೊಡ್ಡ ಗಂಡಸಿನ ಮೈಯಲ್ಲಿ ಶೇ 60ರಷ್ಟು ನೀರು. ಹುಟ್ಟಿದ ಕೂಸಿನ ಮೈಯಲ್ಲಿ ಶೇ 75ರಷ್ಟು. ನಮ್ಮ ಕಡೆ ದೂರದ ಊರಿಗೆ ಹೊರಟವರು ಬುತ್ತಿ ಕಟ್ಟಿಕೊಂಡು ಹೋಗ್ತಾರಲ್ಲ, ಹಾಗೆ ಕೂಸು ನೀರಿನ ಬುತ್ತಿ ಕಟ್ಟಿಕೊಂಡೇ ಬಂದಿರುತ್ತೆ. ಮೊದಲ ವಾರದಲ್ಲಿ ಆ ಹೆಚ್ಚುವರಿ ನೀರು ಹೊರಗೆ ಹೋಗುತ್ತೆ, ಕೂಸಿನ ತೂಕ ಶೇ 7ರಿಂದ 10ರವರೆಗೂ ಇಳಿಯಬಹುದು. ಹತ್ತು ಹದಿನಾಲ್ಕು ದಿನದಲ್ಲಿ ಮತ್ತೆ ಹುಟ್ಟಿದ ತೂಕಕ್ಕೆ ಬರುತ್ತೆ. ಹಳದಿ ಹಾಲು ಅಳತೆಯಲ್ಲಿ ಕಡಿಮೆ, ಚಮಚದ ಲೆಕ್ಕ. ಆದರೆ ಆ ದಿನಗಳಲ್ಲಿ ಕೂಸಿಗೆ ಬೇಕಾಗಿರೋದೂ ಅಷ್ಟೇ.

ಕೂಸಿನ ಮೂತ್ರ ಅಳೆದವರು

ಕಿಡ್ನಿಯ ಒಳಗಿನ ಸೂಕ್ಷ್ಮ ರಚನೆಯನ್ನ ಸೂಕ್ಷ್ಮದರ್ಶಕದಲ್ಲಿ ಮೊದಲು ಕಂಡವರಲ್ಲಿ ಇಟಲಿಯ ಮಾಲ್ಪೀಗಿ ಒಬ್ಬರು, 1666ರಲ್ಲಿ ಅದನ್ನ ಬರೆದರು. 1842ರಲ್ಲಿ ಇಂಗ್ಲೆಂಡಿನ ವಿಲಿಯಂ ಬೌಮನ್, ರಕ್ತನಾಳದ ಪುಟ್ಟ ಉಂಡೆಯೂ ಮೂತ್ರದ ನಳಿಕೆಯೂ ಹೇಗೆ ಕೂಡಿಕೊಂಡಿವೆ ಅಂತ ತೋರಿಸಿದರು. ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ಹೋಮರ್ ಸ್ಮಿತ್, ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತೆ ಅಂತ ಅಳೆಯೋ ವಿಧಾನವನ್ನ ಪಕ್ಕಾ ಮಾಡಿದವರಲ್ಲಿ ಪ್ರಮುಖರು. ದೊಡ್ಡವರ ಕಿಡ್ನಿ ನಿಮಿಷಕ್ಕೆ ಸುಮಾರು 120 ಮಿಲಿಲೀಟರ್ ಸೋಸುತ್ತೆ. ದಿನಕ್ಕೆ ಲೆಕ್ಕ ಹಾಕಿದರೆ 170 ಲೀಟರಿಗೂ ಹೆಚ್ಚು. ಅದರಲ್ಲಿ ಒಂದೂವರೆ ಲೀಟರ್ ಬಿಟ್ಟು ಉಳಿದದ್ದನ್ನೆಲ್ಲ ವಾಪಸ್ ರಕ್ತಕ್ಕೆ ಸೇರಿಸುತ್ತೆ.

ಇಷ್ಟೆಲ್ಲ ಗೊತ್ತಾದ ಮೇಲೂ ಕೂಸಿನ ಬಗ್ಗೆ ಯಾರಿಗೂ ಹೆಚ್ಚು ಗೊತ್ತಿರಲಿಲ್ಲ. ಕೂಸು ಅಂದರೆ ಚಿಕ್ಕ ಮನುಷ್ಯ, ಎಲ್ಲವನ್ನೂ ತೂಕಕ್ಕೆ ತಕ್ಕ ಹಾಗೆ ಭಾಗಿಸಿದರಾಯಿತು ಅನ್ನೋ ನಂಬಿಕೆ.

ಆ ನಂಬಿಕೆ ಅಲುಗಾಡಿಸಿದವರು ಕೇಂಬ್ರಿಜ್‌ನ ರಾಬರ್ಟ್ ಮೆಕಾನ್ಸ್. ಈ ಮನುಷ್ಯ ಸ್ವಲ್ಪ ವಿಚಿತ್ರ. 1930ರ ದಶಕದಲ್ಲಿ ಮೈಯಲ್ಲಿ ಉಪ್ಪು ಕಡಿಮೆಯಾದರೆ ಏನಾಗುತ್ತೆ ಅಂತ ನೋಡೋಕೆ, ತಮ್ಮ ಮೇಲೆ ಮತ್ತು ಜೊತೆಗಾರರ ಮೇಲೇ ಪ್ರಯೋಗ ಮಾಡಿದ್ದರು. ಉಪ್ಪಿಲ್ಲದ ಊಟ ಮಾಡೋದು, ಬಿಸಿಗಾಳಿಯಲ್ಲಿ ಮಲಗಿ ಬೆವರು ಹರಿಸೋದು. ಅದೇ ಕುತೂಹಲ ಮುಂದೆ ಕೂಸುಗಳ ಕಡೆ ತಿರುಗಿತು. 1941ರಲ್ಲಿ ಯಂಗ್ ಅನ್ನೋ ಸಹೋದ್ಯೋಗಿ ಜೊತೆ, ಹಸುಗೂಸುಗಳ ಮೂತ್ರದ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಕೂಸಿನ ಕಿಡ್ನಿ ದೊಡ್ಡವರದಕ್ಕಿಂತ ಬಹಳ ನಿಧಾನವಾಗಿ ಸೋಸುತ್ತೆ, ಮೂತ್ರವನ್ನ ಗಟ್ಟಿ ಮಾಡೋ ಶಕ್ತಿಯೂ ಕಡಿಮೆ ಅಂತ ಅಲ್ಲಿ ಕಂಡಿತು. ಅದೇ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಹೆನ್ರಿ ಬಾರ್ನೆಟ್ ಮುಂತಾದವರೂ ಇದೇ ದಾರಿಯಲ್ಲಿ ಅಳತೆ ಮಾಡಿದರು.

ಮದಗದ ಕೆರೆ ಮತ್ತು ಕೂಸಿನ ತೂಬು

ಈಗ ಆ ಲೆಕ್ಕಗಳನ್ನ ನಮ್ಮೂರಿನ ಕೆರೆಗೆ ಹೋಲಿಸಿ ನೋಡೋಣ. ಹಿರೇಕೆರೂರು ಸೀಮೆಯವರಿಗೆ ಮದಗ–ಮಾಸೂರು ಕೆರೆ ಗೊತ್ತು. ಎರಡು ಗುಡ್ಡದ ನಡುವೆ ಕುಮುದ್ವತಿ ಹೊಳೆಗೆ ಏರಿ ಹಾಕಿ ಕಟ್ಟಿದ, ವಿಜಯನಗರ ಕಾಲದ ಕೆರೆ. ಕೆರೆಗೆ ತೂಬು ಇರುತ್ತೆ, ಅಲ್ಲಿಂದ ಅಳತೆ ಮಾಡಿ ನೀರು ಬಿಡ್ತಾರೆ. ಮಳೆ ಜಾಸ್ತಿ ಆದರೆ ಎಷ್ಟು ಬೇಗ ಹೊರಗೆ ಬಿಡೋಕಾಗುತ್ತೆ, ಬರ ಬಂದರೆ ಎಷ್ಟು ಬಿಗಿಯಾಗಿ ಮುಚ್ಚೋಕಾಗುತ್ತೆ ಅನ್ನೋದರ ಮೇಲೆ ಕೆರೆ ಉಳಿಯುತ್ತೆ.

ಕೂಸಿನ ಕಿಡ್ನಿಯಲ್ಲಿ ತೂಬಿನ ಬಾಯಿ ಸಣ್ಣದು. ದೊಡ್ಡವರ ಮೈ ಅಳತೆಗೆ ಸರಿದೂಗಿಸಿ ನೋಡಿದರೂ, ತಿಂಗಳು ತುಂಬಿ ಹುಟ್ಟಿದ ಕೂಸಿನ ಕಿಡ್ನಿ ಮೊದಲ ದಿನಗಳಲ್ಲಿ ಸೋಸೋದು ನಿಮಿಷಕ್ಕೆ ಸುಮಾರು 20 ಮಿಲಿಲೀಟರ್ ಮಾತ್ರ. ದೊಡ್ಡವರ ಆರನೇ ಒಂದು ಭಾಗ. ಎರಡು ವಾರದಲ್ಲಿ ಅದು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತೆ. ದೊಡ್ಡವರ ಮಟ್ಟ ಮುಟ್ಟೋದು ಒಂದರಿಂದ ಎರಡು ವರ್ಷದ ಹೊತ್ತಿಗೆ. ತಿಂಗಳು ತುಂಬದೆ ಹುಟ್ಟಿದ ಕೂಸಿನಲ್ಲಿ ಶುರುವೇ ಇನ್ನೂ ಕಡಿಮೆ.

ಯಾಕೆ ಹೀಗೆ? ಹೃದಯ ಪಂಪ್ ಮಾಡೋ ರಕ್ತದಲ್ಲಿ ದೊಡ್ಡವರ ಕಿಡ್ನಿಗೆ ಶೇ 20ಕ್ಕೂ ಹೆಚ್ಚು ಪಾಲು ಸಿಗುತ್ತೆ. ಗರ್ಭದಲ್ಲಿರೋ ಕೂಸಿನ ಕಿಡ್ನಿಗೆ ಸಿಗೋದು ಶೇ 2ರಿಂದ 4. ಹುಟ್ಟಿದ ಮೇಲೆ ಕಿಡ್ನಿಯ ರಕ್ತನಾಳಗಳು ನಿಧಾನಕ್ಕೆ ಸಡಿಲಾಗಿ, ಹರಿವು ದಿನದಿನಕ್ಕೆ ಏರುತ್ತೆ.

ಹಾಗಾಗಿ ಮಳೆ ಜಾಸ್ತಿಯಾದರೆ, ಅಂದರೆ ನೀರು ಹೆಚ್ಚು ಕುಡಿಸಿದರೆ, ಕೂಸಿಗೆ ಅದನ್ನ ಬೇಗ ಹೊರಹಾಕೋಕೆ ಆಗಲ್ಲ. ಅದರ ಮೂತ್ರ ಬಹಳ ತೆಳುವಾಗಬಲ್ಲದು, ಆ ಶಕ್ತಿ ಇದೆ. ಆದರೆ ಹರಿವಿನ ವೇಗ ಸಾಲದು. ಉಳಿದ ನೀರು ರಕ್ತದ ಉಪ್ಪನ್ನ, ಅಂದರೆ ಸೋಡಿಯಂ ಅನ್ನ, ತೆಳು ಮಾಡುತ್ತೆ. ಸೋಡಿಯಂ ತೀರಾ ಇಳಿದರೆ ಮಿದುಳು ಊದಿ ಕೂಸಿಗೆ ಫಿಟ್ಸ್ ಬರುತ್ತೆ.

ಬರ ಬಂದರೂ ಕಷ್ಟ. ದೊಡ್ಡವರಿಗೆ ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಹಳದಿಯಾಗುತ್ತೆ, ಅಷ್ಟರಮಟ್ಟಿಗೆ ಮೈ ನೀರು ಉಳಿಸಿಕೊಳ್ಳುತ್ತೆ. ಮೂತ್ರ ಎಷ್ಟು ಗಟ್ಟಿ ಅನ್ನೋದಕ್ಕೆ ಒಂದು ಅಳತೆ ಇದೆ, ಆಸ್ಮೊಲಾಲಿಟಿ ಅಂತ. ದೊಡ್ಡವರಲ್ಲಿ ಅದು 1,200ರ ಆಸುಪಾಸು ಮುಟ್ಟುತ್ತೆ. ಹಸುಗೂಸಿನಲ್ಲಿ 500ರಿಂದ 700ಕ್ಕೇ ನಿಲ್ಲುತ್ತೆ. ಅಂದರೆ ಅಷ್ಟೇ ಉಪ್ಪು, ಅಷ್ಟೇ ಕಸ ಹೊರಹಾಕೋಕೆ ಕೂಸಿಗೆ ಎರಡು ಪಟ್ಟು ನೀರು ಬೇಕು. ತೂಬಿನ ಬಾಯಿಯೂ ಸಣ್ಣದು, ಬಾಗಿಲೂ ಬಿಗಿಯಾಗಿ ಮುಚ್ಚೋದಿಲ್ಲ.

ದೋಷವಾ, ಹೊಂದಾಣಿಕೆಯಾ?

ಇದನ್ನ ಕೇಳಿದರೆ ಕೂಸಿನ ಕಿಡ್ನಿ ಕೆಲಸಕ್ಕೆ ಬಾರದ್ದು ಅನ್ನಿಸುತ್ತೆ. ಮೆಕಾನ್ಸ್ ಅವರಿಗೂ, ಅವರ ಜೊತೆ ದಶಕಗಳ ಕಾಲ ಕೆಲಸ ಮಾಡಿದ ಎಲ್ಸಿ ವಿಡೋಸನ್ ಅವರಿಗೂ ಒಂದು ಪ್ರಶ್ನೆ ಕಾಡಿತು. ಇಷ್ಟು ದುರ್ಬಲ ಕಿಡ್ನಿ ಇಟ್ಟುಕೊಂಡು ಕೂಸುಗಳು ಚೆನ್ನಾಗೇ ಬೆಳೀತಾವಲ್ಲ, ಹೇಗೆ?

ಉತ್ತರ ಎರಡು ಕಡೆ ಇತ್ತು. ಒಂದು, ತಾಯಿ ಹಾಲಿನಲ್ಲಿ. ಎದೆಹಾಲಿನಲ್ಲಿ ಶೇ 87ಕ್ಕೂ ಹೆಚ್ಚು ನೀರೇ. ಪ್ರೋಟೀನು 100 ಮಿಲಿಲೀಟರಿಗೆ ಸುಮಾರು 1 ಗ್ರಾಂ. ಹಸುವಿನ ಹಾಲಿನಲ್ಲಿ ಅದು 3 ಗ್ರಾಂಗೂ ಜಾಸ್ತಿ, ಸೋಡಿಯಂ ಕೂಡ ಸುಮಾರು ಮೂರು ಪಟ್ಟು. ಕರು ಬೇಗ ಬೆಳೆಯಬೇಕು, ಅದಕ್ಕೆ ಅಷ್ಟು ಬೇಕು. ನಮ್ಮ ಕೂಸಿನ ಕಿಡ್ನಿಗೆ ಹಸುವಿನ ಹಾಲಿನಿಂದ ಬೀಳೋ ಹೊರೆ ಎದೆಹಾಲಿನ ಮೂರು ಪಟ್ಟಿಗೂ ಹೆಚ್ಚು.

ಎರಡನೇ ಉತ್ತರ ಬೆಳವಣಿಗೆ. ದೊಡ್ಡವರು ತಿಂದ ಪ್ರೋಟೀನಿನ ಸಾರಜನಕ ಕೊನೆಗೆ ಯೂರಿಯಾ ಆಗಿ ಮೂತ್ರದಲ್ಲಿ ಹೋಗಬೇಕು. ಕೂಸು ಕುಡಿದ ಪ್ರೋಟೀನಿನ ದೊಡ್ಡ ಪಾಲು ಮಾಂಸವಾಗಿ, ಚರ್ಮವಾಗಿ, ಮಿದುಳಾಗಿ ಅಲ್ಲೇ ಉಳಿಯುತ್ತೆ. ಕಸವೇ ಕಡಿಮೆ. ಹೀಗಾಗಿ ಬೆಳವಣಿಗೆಯನ್ನ ಕೂಸಿನ ಮೂರನೇ ಕಿಡ್ನಿ ಅನ್ನಬಹುದು. ಕೂಸು ಬೆಳೆಯೋದು ನಿಂತರೆ, ಕಾಯಿಲೆ ಬಿದ್ದರೆ, ಆ ಮೂರನೇ ಕಿಡ್ನಿ ನಿಲ್ಲುತ್ತೆ. ಆಗ ಎಲ್ಲ ಹೊರೆಯೂ ಆ ಸಣ್ಣ ತೂಬಿನ ಮೇಲೆ.

ಹಾಗಾಗಿ ಕೂಸಿನ ಕಿಡ್ನಿಯಲ್ಲಿ ದೋಷ ಇಲ್ಲ. ತಾಯಿ ಹಾಲು ಕುಡಿದು ಬೆಳೀತಿರೋ ಕೂಸಿಗೆ ಅದು ಸರಿಯಾಗೇ ಇದೆ. ಆ ಜೋಡಿಯನ್ನ ನಾವು ಮುರಿದಾಗ ಮಾತ್ರ ಅದರ ಮಿತಿ ಬಯಲಾಗುತ್ತೆ.

ಜೋಡಿ ಮುರಿದಾಗ

ಮುರಿದ ಕಥೆಗಳು ಬಹಳ ಇವೆ. 1950ರ ದಶಕದಲ್ಲಿ ಪಶ್ಚಿಮದ ಆಸ್ಪತ್ರೆಗಳಲ್ಲಿ ತಿಂಗಳು ತುಂಬದ ಕೂಸುಗಳಿಗೆ ಎರಡು ಮೂರು ದಿನ ಏನನ್ನೂ ಕೊಡದೆ ಇಡೋ ಪದ್ಧತಿ ಇತ್ತು. ಹಾಲು ಶ್ವಾಸಕ್ಕೆ ಹೋದೀತು, ಮೈ ಊದೀತು ಅನ್ನೋ ಹೆದರಿಕೆ. ಆ ಕೂಸುಗಳಲ್ಲಿ ಸಕ್ಕರೆ ಇಳಿದು, ನೀರು ಒಣಗಿ ಹಾನಿಯಾಗೋದು ಕಂಡಮೇಲೆ ಆ ಪದ್ಧತಿ ಬಿಟ್ಟರು.

1959ರಲ್ಲಿ ಲಾಸ್ ಏಂಜಲೀಸ್‌ನ ವೈದ್ಯರು, ಕ್ಲೋರಾಂಫೆನಿಕಾಲ್ ಅನ್ನೋ ಆ್ಯಂಟಿಬಯಾಟಿಕ್ ಕೊಟ್ಟ ಹಸುಗೂಸುಗಳು ಮೈ ಬೂದಿ ಬಣ್ಣಕ್ಕೆ ತಿರುಗಿ ಸಾಯ್ತಿರೋದನ್ನ ವರದಿ ಮಾಡಿದರು. ತೂಕದ ಲೆಕ್ಕದಲ್ಲೇ ಕೊಟ್ಟಿದ್ದರೂ, ಎಳೆಯ ಲಿವರಿಗೆ ಅದನ್ನ ಕರಗಿಸೋಕೆ, ಎಳೆಯ ಕಿಡ್ನಿಗೆ ಹೊರಹಾಕೋಕೆ ಆಗಿರಲಿಲ್ಲ. ಇವತ್ತು ಜೆಂಟಾಮೈಸಿನ್ ಥರದ ಇಂಜೆಕ್ಷನನ್ನ ಹಸುಗೂಸಿಗೆ 24ರಿಂದ 48 ಗಂಟೆಗೆ ಒಂದು ಸಲ ಕೊಡೋದು ಇದೇ ಪಾಠದಿಂದ. ಮನೆಯಲ್ಲಿ ದೊಡ್ಡವರ ಮಾತ್ರೆ ಕಾಲುಭಾಗ ಮುರಿದು ತೇಯ್ದು ಹಾಕಬೇಡಿ ಅನ್ನೋದೂ ಇದಕ್ಕೇ.

1962ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್ಹ್ಯಾಂಟನ್ ಊರಿನ ಆಸ್ಪತ್ರೆಯಲ್ಲಿ ಕೂಸುಗಳ ಹಾಲಿಗೆ ಸಕ್ಕರೆ ಬದಲು ತಪ್ಪಿ ಉಪ್ಪು ಬೆರೆತಿತ್ತು. 6 ಕೂಸುಗಳು ತೀರಿಕೊಂಡವು. ದೊಡ್ಡವರಾಗಿದ್ದರೆ ಒಂದು ಗುಟುಕು ಕುಡಿದು ಉಗುಳಿಬಿಡ್ತಿದ್ದರು. ನೀರಡಿಕೆ ಆಗಿದೆ ಅಂತ ಹೇಳೋಕೂ ಬರದ ಕೂಸು ಕೊಟ್ಟಿದ್ದನ್ನ ಕುಡಿಯುತ್ತೆ.

ಬ್ರಿಟನ್ನಿನಲ್ಲಿ ಹಾಲಿನ ಪುಡಿಯ ಕಾಲ. ಒಂದು ಚಮಚ ಜಾಸ್ತಿ ಹಾಕಿದರೆ ಕೂಸು ಗಟ್ಟಿಮುಟ್ಟಾಗುತ್ತೆ ಅನ್ನೋ ಆಸೆ. ಹಾಲು ಗಟ್ಟಿಯಾಗಿ ಸೋಡಿಯಂ ಏರಿತು. ಕೂಸು ನೀರಡಿಕೆಗೆ ಅತ್ತರೆ ಹಸಿವು ಅಂದುಕೊಂಡು ಮತ್ತೆ ಅದೇ ಗಟ್ಟಿ ಹಾಲು. 1974ರಲ್ಲಿ ಅಲ್ಲಿನ ಸರ್ಕಾರದ ಸಮಿತಿ ಎದೆಹಾಲಿಗೆ ಹತ್ತಿರವಾದ, ಉಪ್ಪು ಕಡಿಮೆಯಿರೋ ಪುಡಿ ಬೇಕು ಅಂತ ಹೇಳಿತು.

ಇದರ ಉಲ್ಟಾ ಕಥೆ ಅಮೆರಿಕದ ಸೇಂಟ್ ಲೂಯಿಸ್‌ನದು. ಬಡ ಮನೆಗಳಲ್ಲಿ ತಿಂಗಳ ಕೊನೆಗೆ ಹಾಲಿನ ಪುಡಿ ಖಾಲಿಯಾಗಿ, ಕೂಸಿಗೆ ನೀರು ಕುಡಿಸಿ ಸಮಾಧಾನ ಮಾಡ್ತಿದ್ದರು. ಫಿಟ್ಸ್ ಬಂದ ಕೂಸುಗಳು ಆಸ್ಪತ್ರೆಗೆ ಬರ್ತಿದ್ದವು. 1991ರಲ್ಲಿ ಅಲ್ಲಿನ ವೈದ್ಯರು ಇದನ್ನ ಬರೆದರು. ಅಜ್ಜಿ ಕೇಳಿದ "ನೀರು ಹಾಕಿದ್ರ ಏನಾಕೈತಿ" ಅನ್ನೋ ಪ್ರಶ್ನೆಗೆ ಒಂದು ಉತ್ತರ ಅಲ್ಲಿದೆ.

ನಮ್ಮಲ್ಲೂ ಒಂದು ಪದ್ಧತಿ ಇತ್ತು. ತಾಯಿಗೆ ಹಾಲು ಸಾಲದಿದ್ದರೆ ಹಸುವಿನ ಹಾಲಿಗೆ ಅರ್ಧ ನೀರು ಬೆರೆಸಿ ಕುಡಿಸೋದು. ಹಿರಿಯರ ಅಂದಾಜಿನಲ್ಲಿ ಒಂದು ಸತ್ಯ ಇತ್ತು. ಗಟ್ಟಿ ಹಾಲು ಕೂಸಿಗೆ ಭಾರ ಅಂತ ಅವರಿಗೆ ಗೊತ್ತಿತ್ತು, ಕಿಡ್ನಿಯ ಲೆಕ್ಕ ಗೊತ್ತಿಲ್ಲದೆಯೇ. ಆದರೆ ನೀರು ಬೆರೆಸಿದಾಗ ಶಕ್ತಿಯೂ ತೆಳುವಾಯಿತು, ಕೆರೆ ಬಾವಿಯ ನೀರಿನ ಜೊತೆ ರೋಗವೂ ಸೇರಿತು.

ಉತ್ತರ ಸಿಕ್ಕಿದ್ದು ನಮ್ಮ ದೇಶದ ಬಿಸಿಲಲ್ಲಿ

ಎಲ್ಲ ಸರಿ, ಆದರೆ ನಮ್ಮ ಬಿಸಿಲು? ಲಂಡನ್ನಿನ ಕೂಸಿಗೆ ಎದೆಹಾಲು ಸಾಕು, ಹಾವೇರಿ ಬ್ಯಾಸಗಿಗೂ ಸಾಕಾ? ಅಜ್ಜಿಯ ಪ್ರಶ್ನೆಯ ತಿರುಳು ಇದೇ.

ಇದಕ್ಕೆ ಉತ್ತರ ಹುಡುಕಿದವರು ಕೂಸಿನ ಮೂತ್ರವನ್ನೇ ಸಾಕ್ಷಿ ಕೇಳಿದರು. ಮೈಯಲ್ಲಿ ನೀರು ಸಾಲದಿದ್ದರೆ ಮೂತ್ರ ಗಟ್ಟಿಯಾಗಿರಬೇಕು. 1978ರಲ್ಲಿ ಜಮೈಕಾದಲ್ಲಿ, 1990ರ ಹೊತ್ತಿಗೆ ಭಾರತದ ಒಣ ಬಿಸಿಲಿನ ಹಳ್ಳಿಗಳಲ್ಲಿ ಇಂಥ ಅಳತೆಗಳು ನಡೆದವು. 1991ರಲ್ಲಿ ದೆಹಲಿಯ ಡಾ. ಎಚ್.ಪಿ.ಎಸ್. ಸಚ್‌ದೇವ್ ಮತ್ತು ಸಂಗಡಿಗರು ಬೇಸಿಗೆಯಲ್ಲಿ, ಬರೀ ಎದೆಹಾಲು ಕುಡಿಯೋ ಕೂಸುಗಳನ್ನೂ ಎದೆಹಾಲಿನ ಜೊತೆ ನೀರು ಕುಡಿಯೋ ಕೂಸುಗಳನ್ನೂ ಹೋಲಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಎಲ್ಲ ಕಡೆಯೂ ಬಂದ ಉತ್ತರ ಒಂದೇ. ತಾಯಿ ಹಾಲು ಸಾಕಷ್ಟು ಸಿಗ್ತಿದ್ದರೆ, ಬಿಸಿಲಲ್ಲೂ ಬೇರೆ ನೀರು ಬೇಡ. ನೀರು ಕೊಟ್ಟದ್ದರಿಂದ ಲಾಭ ಏನೂ ಕಾಣಲಿಲ್ಲ.

ನಷ್ಟ ಇದೆಯಾ? ಇದೆ. ಕೂಸಿನ ಹೊಟ್ಟೆ ಬಹಳ ಸಣ್ಣದು. ನೀರು ತುಂಬಿದ ಹೊಟ್ಟೆ ಹಾಲು ಕೇಳಲ್ಲ. ಕೂಸು ಚೀಪೋದು ಕಡಿಮೆಯಾದರೆ ತಾಯಿಗೆ ಹಾಲು ಇಳಿಯೋದೂ ಕಡಿಮೆಯಾಗುತ್ತೆ. 1992ರಲ್ಲಿ ನಮ್ಮ ದೇಶ ಹಾಲಿನ ಪುಡಿಯ ಜಾಹೀರಾತಿಗೆ ಕಡಿವಾಣ ಹಾಕೋ ಕಾಯ್ದೆ ತಂತು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ 6 ತಿಂಗಳು ಎದೆಹಾಲು ಮಾತ್ರ ಅಂತ ಶಿಫಾರಸು ಮಾಡಿತು. ಆಶಾ ಅಕ್ಕ ಅಜ್ಜಿಗೆ ಹೇಳಿದ "ಆರು ತಿಂಗಳ" ಮಾತಿನ ಹಿಂದೆ ಇಷ್ಟು ದೊಡ್ಡ ಕಥೆ ಇದೆ.

ನಾಲ್ಕು ತಾಲೂಕುಗಳ ದಾರಿ

ಈಗ ನಮ್ಮೂರಿಗೆ ವಾಪಸ್ ಬರೋಣ. 1941ರಲ್ಲಿ ಮೆಕಾನ್ಸ್ ಲೇಖನ ಬರೆದಾಗ ಸವಣೂರು ನವಾಬರ ಸಂಸ್ಥಾನ. ಉಳಿದವು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಹೆರಿಗೆ ಅಂದರೆ ಮನೆ, ಸೂಲಗಿತ್ತಿ. ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಶುರುವಾಗಿದ್ದು 1957ರಲ್ಲಿ. ಶಿಗ್ಗಾಂವಿಯವರು ಹೆದ್ದಾರಿ ಹಿಡಿದು ಹೋಗಬಹುದಿತ್ತು, ಹಿರೇಕೆರೂರಿನ ಒಳಹಳ್ಳಿಯಿಂದ ರಾತ್ರಿ ಹೊತ್ತು ಕೂಸನ್ನ ಎತ್ತಿಕೊಂಡು ಹೊರಡೋದು ಬೇರೆಯೇ ಮಾತು. 1997ರಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ಜಿಲ್ಲಾ ಆಸ್ಪತ್ರೆ ಹತ್ತಿರವಾಯಿತು. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಬಂತು. 2011ರಿಂದ ಆಶಾ ಕಾರ್ಯಕರ್ತೆಯರು ಹುಟ್ಟಿದ ಕೂಸನ್ನ 3, 7, 14, 21, 28, 42ನೇ ದಿನ ಮನೆಗೇ ಬಂದು ನೋಡೋ ವ್ಯವಸ್ಥೆ ಆಯಿತು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಮಾಡಿ ತೋರಿಸಿದ್ದ ದಾರಿ ಅದು.

ಆ 3ನೇ ದಿನದ, 7ನೇ ದಿನದ ಭೇಟಿಗೆ ಕಿಡ್ನಿಯ ಕಥೆಯಲ್ಲಿ ದೊಡ್ಡ ಅರ್ಥ ಇದೆ. ಯಾಕಂದರೆ ಅಜ್ಜಿ ಹೇಳಿದ್ದರಲ್ಲಿ ಒಂದು ಮಾತು ಯಾವಾಗಲೂ ನಿಜ. ಕೂಸು ಒಣಗಬಹುದು. "ಎದೆಹಾಲು ಸಾಕು" ಅನ್ನೋದು ಹಾಲು ನಿಜವಾಗಿ ಕೂಸಿನ ಹೊಟ್ಟೆಗೆ ಹೋಗ್ತಿದ್ದರೆ ಮಾತ್ರ ಸತ್ಯ. ಮೊದಲ ಹೆರಿಗೆ, ಕೂಸು ಸರಿಯಾಗಿ ಹಿಡಿದು ಚೀಪ್ತಿಲ್ಲ, ತಾಯಿಗೆ ನೋವು, ಮೇಲೆ ಬಿಸಿಲು. ಇಂಥ ಹೊತ್ತಲ್ಲಿ ಮೊದಲ ವಾರದಲ್ಲೇ ಕೂಸಿನ ಸೋಡಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಜೊತೆಗೆ ಬಾಣಂತಿಗೆ ನೀರು ಕಡಿಮೆ ಕೊಡೋ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ನೀರು ಬೇಕಾಗಿರೋದು ಕೂಸಿಗಲ್ಲ, ಅದರ ಅವ್ವನಿಗೆ. ಅವಳಿಗೆ ನೀರಡಿಕೆ ಆದಾಗೆಲ್ಲ ಕೊಡಿ.

ಹಾಲು ಸಾಲ್ತಿದೆಯಾ ಅಂತ ತಿಳಿಯೋದು ಹೇಗೆ? ಬಟ್ಟೆ ಎಣಿಸಿ. ಮೊದಲ 24 ಗಂಟೆಯಲ್ಲಿ ಬಹುಪಾಲು ಕೂಸುಗಳು ಒಂದು ಸಲವಾದರೂ ಉಚ್ಚೆ ಹೊಯ್ತವೆ. ಎರಡನೇ ದಿನ ಎರಡು, ಮೂರನೇ ದಿನ ಮೂರು, ಹೀಗೆ ಏರಿ ಐದನೇ ದಿನದ ಮೇಲೆ ದಿನಕ್ಕೆ ಆರು ಅಥವಾ ಜಾಸ್ತಿ. ಮೊದಲ ದಿನಗಳಲ್ಲಿ ಬಟ್ಟೆ ಮೇಲೆ ಇಟ್ಟಂಗಿ ಪುಡಿಯಂಥ ಕಲೆ ಕಂಡರೆ ಗಾಬರಿ ಬೇಡ, ಅದು ಯೂರಿಕ್ ಆಮ್ಲದ ಹರಳು. ಐದು ದಿನ ಕಳೆದ ಮೇಲೂ ಆ ಕಲೆ ಬರ್ತಿದ್ದರೆ ಹಾಲು ಸಾಲ್ತಿಲ್ಲ ಅಂತ ಅರ್ಥ. 48 ಗಂಟೆ ಆದರೂ ಉಚ್ಚೆ ಇಲ್ಲ, ಗಂಡು ಕೂಸಿನ ಧಾರೆ ಹನಿಹನಿಯಾಗಿ ಬೀಳುತ್ತೆ, ಕೂಸು ಎಬ್ಬಿಸಿದರೂ ಹಾಲಿಗೆ ಏಳ್ತಿಲ್ಲ, ಮೈ ಸುಡ್ತಿದೆ, ಇದರಲ್ಲಿ ಯಾವುದಿದ್ದರೂ ಚಮಚ ಹುಡುಕಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ.

ಅಲ್ಲೂ ಒಂದು ಸೋಜಿಗ ಕಾಣುತ್ತೆ. ಹುಟ್ಟಿದ ಮೊದಲ ಒಂದೆರಡು ದಿನ ಕೂಸಿನ ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿದರೆ ಬರೋ ಅಂಕಿ ಹೆಚ್ಚುಕಡಿಮೆ ತಾಯಿಯದು. ಮಾಸಿನ ಮೂಲಕ ಇಬ್ಬರದೂ ಒಂದೇ ಆಗಿತ್ತಲ್ಲ. ಅದು ದಿನದಿನಕ್ಕೆ ಇಳಿಯಬೇಕು. ಡಾಕ್ಟರು "ನಾಳೆ ಇನ್ನೊಂದು ಸಲ ನೋಡೋಣ" ಅಂದರೆ ಅದಕ್ಕೆ ಕಾರಣ ಇದೆ.

ಮೈಸೂರಿನ ಹಳೇ ದಾಖಲೆ

ಕೊನೆಯ ಮಾತು. ಆಗ ನೆನಪಿಟ್ಟುಕೊಳ್ಳಿ ಅಂದಿದ್ದೆ, ನೆಫ್ರಾನ್ ಹುಟ್ಟೋದು ಗರ್ಭದಲ್ಲಿ ಮಾತ್ರ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆ ಸುತ್ತಳತೆಯನ್ನ ಬರೆದಿಟ್ಟ ಪುಸ್ತಕಗಳಿದ್ದವು. 1990ರ ದಶಕದಲ್ಲಿ ಸಂಶೋಧಕರು ಆ ದಾಖಲೆ ಹಿಡಿದು, ಅಲ್ಲಿ ಹುಟ್ಟಿ ದೊಡ್ಡವರಾದ 517 ಜನರನ್ನ ಪರೀಕ್ಷೆ ಮಾಡಿದರು. ಹುಟ್ಟಿದಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. 1996ರಲ್ಲಿ ಅದು ಲ್ಯಾನ್ಸೆಟ್‌ನಲ್ಲಿ ಬಂತು. ಅವರು ಕಿಡ್ನಿ ಅಳೆದಿರಲಿಲ್ಲ. ಆದರೆ 1988ರಲ್ಲೇ ಅಮೆರಿಕದ ಬ್ಯಾರಿ ಬ್ರೆನ್ನರ್ ಮತ್ತು ಸಂಗಡಿಗರು ಇದರ ಪಕ್ಕದ ಮಾತೊಂದನ್ನ ಹೇಳಿದ್ದರು. ನೆಫ್ರಾನ್ ಕಡಿಮೆ ಇಟ್ಟುಕೊಂಡು ಹುಟ್ಟಿದವರಿಗೆ ಮುಂದೆ ಬಿಪಿ ಬರೋ ಸಾಧ್ಯತೆ ಜಾಸ್ತಿ ಅಂತ. 2003ರಲ್ಲಿ ಜರ್ಮನಿಯಲ್ಲಿ, ಅಪಘಾತದಲ್ಲಿ ತೀರಿಕೊಂಡವರ ಕಿಡ್ನಿ ಎಣಿಸಿ ನೋಡಿದಾಗ, ಬಿಪಿ ಇದ್ದವರಲ್ಲಿ ನೆಫ್ರಾನ್ ಸುಮಾರು ಅರ್ಧದಷ್ಟೇ ಇದ್ದವು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ನಮ್ಮ ದೇಶದಲ್ಲಿ ತೂಕ ದಾಖಲಾದ ಕೂಸುಗಳಲ್ಲಿ ಶೇ 18ರಷ್ಟು ಎರಡೂವರೆ ಕಿಲೋಗಿಂತ ಕಡಿಮೆ. ಹಾಗಾಗಿ ಬಸುರಿ ಹೆಣ್ಣುಮಗಳ ತಟ್ಟೆಗೆ ಏನು ಬೀಳುತ್ತೆ ಅನ್ನೋದು ಐವತ್ತು ವರ್ಷ ಆಚೆಗಿನ ಒಬ್ಬರ ಬಿಪಿಯ ಪ್ರಶ್ನೆಯೂ ಹೌದು. ನೀವು ಕಡಿಮೆ ತೂಕದಲ್ಲಿ, ತಿಂಗಳು ತುಂಬದೆ ಹುಟ್ಟಿದ್ದರೆ ಹೆದರಬೇಡಿ. ಆದರೆ ವರ್ಷಕ್ಕೊಮ್ಮೆ ಬಿಪಿ ನೋಡಿಸಿಕೊಳ್ಳಿ. ಮನೆಯಲ್ಲಿ ಹಳೇ ತಾಯಿ ಕಾರ್ಡ್ ಇದ್ದರೆ ಹುಡುಕಿ, ನಿಮ್ಮ ಹುಟ್ಟಿನ ತೂಕ ಎಷ್ಟು ಅಂತ ಅವ್ವನನ್ನ ಕೇಳಿ.

ಶಿಗ್ಗಾಂವಿ ತಾಲೂಕಿನಲ್ಲಿ ಶಿಶುವಿನಹಾಳ ಅನ್ನೋ ಊರಿದೆ, ಶರೀಫಜ್ಜನ ಊರು. ಹೆಸರಲ್ಲೇ ಶಿಶು. ಆ ಕಡೆಯ ಯಾವುದೋ ಮನೆಯಲ್ಲಿ ಇವತ್ತೂ ಅಜ್ಜಿ ಚಮಚ ಹಿಡಿದು ನಿಂತಿರಬಹುದು. ಅವಳ ಜೊತೆ ಜಗಳ ಆಡಬೇಡಿ. ಆ ಚಮಚದ ಹಿಂದೆ ಇರೋದು ಪ್ರೀತಿ, ಮತ್ತೆ ಕೂಸು ಕಳೆದುಕೊಂಡ ಹಳೇ ಮನೆಗಳ ಹೆದರಿಕೆ. "ಆಯಿ, ಆ ನೀರು ಅವ್ವಗ ಕೊಡ್ರಿ, ಅಕಿ ಕುಡಿದ್ರ ಕೂಸಿಗೆ ಮುಟ್ಟತೈತಿ" ಅಂತ ಹೇಳಿ. ಆಮೇಲೆ ಇಬ್ಬರೂ ಕೂತು ಒಣಹಾಕಿದ ಬಟ್ಟೆ ಎಣಿಸಿ. ಆರು ಇದ್ದರೆ, ಆ ಎರಡು ಪುಟ್ಟ ಕಿಡ್ನಿಗಳು ತಮ್ಮ ಕೆಲಸ ಮಾಡ್ತಿವೆ.

ಈ ಸಂಚಿಕೆ ಬಾಣಂತಿ ಇರೋ ಮನೆಗೆ ಕಳಿಸಿ.